ಹುಲಿ ಹೊತ್ತು ಕಳೆಯುವ ಬಗೆ

(ಬೆಳಗಾವಿಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಖಾನಾಪುರ ತಾಲ್ಲೂಕಿನ ಕೆಲವು ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಅರ್ಧಕ್ಕೆ ನಿಂತಿದ್ದ ವಾಕ್ಯಗಳನ್ನು ಇಲ್ಲಿ ಪೂರ್ಣಗೊಳಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೆ, ಶಿಕ್ಷಕ ಬಂಧುಗಳಿಗೆ, ವಿದ್ಯಾರ್ಥಿಗಳಿಗೆ, ಮತ್ತು ಕಣಕುಂಬಿ, ಹೆಮ್ಮಡಗಾ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ರೈತರಿಗೆ ನಮಸ್ಕಾರ.

2022ರ ಆಗಸ್ಟ್ ತಿಂಗಳನ್ನು ಈ ಊರಿನವರು ಮರೆತಿರಲಾರರು. ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆಯೊಂದು ಗಾಲ್ಫ್ ಮೈದಾನದ ಗಿಡಗಂಟಿಯೊಳಗೆ ಸೇರಿಕೊಂಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಬೋನು ಇಟ್ಟರು, ಆನೆಗಳನ್ನು ತರಿಸಿದರು, ವಾರಗಟ್ಟಲೆ ಹುಡುಕಿದರು, ಆದರೂ ಅದು ಕೈಗೆ ಸಿಗಲಿಲ್ಲ. ಆ ದಿನಗಳಲ್ಲಿ ಮಾರುಕಟ್ಟೆಗೆ ಹೋದರೂ, ಬಸ್ ನಿಲ್ದಾಣದಲ್ಲಿ ನಿಂತರೂ ‘ಹುಲಿ ಬಂದೈತಂತ’ ಎಂಬ ಮಾತೇ ಕಿವಿಗೆ ಬೀಳುತ್ತಿತ್ತು. ನಮ್ಮ ಕಡೆ ಚಿರತೆಗೂ ಹುಲಿ ಎನ್ನುವ ರೂಢಿ ಇರುವುದರಿಂದ ಆ ಮಾತನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಲಕ್ಷಾಂತರ ಜನ ಓಡಾಡುವ ನಗರದ ಮಗ್ಗುಲಲ್ಲೇ ಮನುಷ್ಯನಷ್ಟು ತೂಕದ ಒಂದು ಪ್ರಾಣಿ ಅಷ್ಟು ದಿನ ಬದುಕಿತು, ಆದರೂ ಅದನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಜನ. ಇದು ಹೇಗೆ ಸಾಧ್ಯವಾಯಿತು? ಅದು ಅಡಗಿದ್ದು ಗಿಡಗಂಟಿಯ ಮರೆಯಲ್ಲಿ ಮಾತ್ರ ಅಲ್ಲ, ಹೊತ್ತಿನ ಮರೆಯಲ್ಲಿ ಕೂಡ. ನಾವು ಹೊರಗಿರುವಾಗ ಅದು ಒಳಗಿರುತ್ತಿತ್ತು, ನಾವು ಒಳಸೇರಿದ ಮೇಲೆ ಅದು ಹೊರಬೀಳುತ್ತಿತ್ತು.

ಇವತ್ತು ನಾನು ಮಾತನಾಡಬೇಕಾದದ್ದು ಚಿರತೆಯ ಅಣ್ಣನಾದ ಪಟ್ಟೆಹುಲಿಯ ಬಗ್ಗೆ. ಹುಲಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗರ್ಜನೆ, ನೆಗೆತ, ರಕ್ತ. ಆದರೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಈ ಮೂರೂ ಸೇರಿ ಕೆಲವು ನಿಮಿಷಗಳಷ್ಟೂ ಆಗುವುದಿಲ್ಲ, ಎಷ್ಟೋ ದಿನ ಒಂದೂ ಇರುವುದಿಲ್ಲ. ಉಳಿದ ಹೊತ್ತೆಲ್ಲ ಅದು ಏನು ಮಾಡುತ್ತದೆ ಎಂಬುದರಲ್ಲಿಯೇ ಅದರ ಬದುಕಿನ ಗುಟ್ಟಿದೆ ಎಂದು ನಾನು ತಿಳಿದಿದ್ದೇನೆ.

ಮೊದಲು ನಮ್ಮ ಕಾಡಿನ ಮಾತು. ಇಲ್ಲಿಂದ ಖಾನಾಪುರ ದಾಟಿ ಪಶ್ಚಿಮಕ್ಕೆ ಹೋದರೆ ಭೀಮಗಡ ಅಭಯಾರಣ್ಯ ಸಿಗುತ್ತದೆ. 2011ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವ ದೇಗಾವ್ ಇರುವುದು ಇಲ್ಲಿಯೇ, ಮಲಪ್ರಭೆ ಹುಟ್ಟುವ ಕಣಕುಂಬಿ ಇಲ್ಲಿಂದ ದೂರವಿಲ್ಲ. ಹುಲಿಯ ಕಣ್ಣಿನಿಂದ ನೋಡಿದರೆ ಭೀಮಗಡ ಮನೆಗಿಂತ ಹೆಚ್ಚಾಗಿ ಒಂದು ಪಡಸಾಲೆ. ದಕ್ಷಿಣಕ್ಕೆ ಜೋಯಿಡಾ, ದಾಂಡೇಲಿಗಳ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಪಶ್ಚಿಮಕ್ಕೆ ಗೋವೆಯ ಮಹದಾಯಿ ಅಭಯಾರಣ್ಯ, ಉತ್ತರಕ್ಕೆ ಘಟ್ಟದ ಸಾಲಿನಲ್ಲೇ ಮುಂದುವರಿದರೆ ಮಹಾರಾಷ್ಟ್ರದ ಚಾಂದೋಲಿ ಮತ್ತು ಕೋಯ್ನಾ. ಈ ಪಡಸಾಲೆಯ ಮೂಲಕ ಹುಲಿಗಳು ಹಾದುಹೋಗುತ್ತವೆ, ಕೆಲವು ನಿಲ್ಲುತ್ತವೆ. ಆದರೆ ಸಂಖ್ಯೆ ಕಡಿಮೆ. ನಿತ್ಯಹರಿದ್ವರ್ಣದ ದಟ್ಟ ಕಾಡು ನೋಡಲು ಎಷ್ಟು ಹಸಿರಾಗಿದ್ದರೂ ಅದರ ನೆಲದಲ್ಲಿ ಹುಲ್ಲು ಕಡಿಮೆ, ಹುಲ್ಲು ಕಡಿಮೆಯಾದಲ್ಲಿ ಜಿಂಕೆ, ಕಡವೆ, ಕಾಡೆಮ್ಮೆಗಳು ವಿರಳ, ಅವು ವಿರಳವಾದಲ್ಲಿ ಹುಲಿಯೂ ವಿರಳ. ‘ಇಪ್ಪತ್ತು ವರ್ಷ ಈ ಕಾಡಿನಾಗ ಅಡ್ಡಾಡೇನಿ, ಒಮ್ಮೆರ ಹುಲಿ ಕಂಡಿಲ್ಲ’ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಕಾಣದ ಪ್ರಾಣಿಯ ದಿನಚರಿ ನಮಗೆ ತಿಳಿದದ್ದು ಹೇಗೆ? ಇದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. 1990ರ ಸುಮಾರಿಗೆ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ, ಅವು ಎಲ್ಲಿ ಮಲಗುತ್ತವೆ, ಯಾವಾಗ ಏಳುತ್ತವೆ ಎಂಬುದನ್ನು ಹಗಲಿರುಳು ಬೆನ್ನಟ್ಟಿ ಬರೆದಿಟ್ಟರು. ಅದೇ ಕಾಲಕ್ಕೆ ಕಾಡಿನ ದಾರಿಗಳ ಎರಡೂ ಬದಿಗೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿದರು. ಒಂದು ಹುಲಿಯ ಪಟ್ಟೆ ಇನ್ನೊಂದು ಹುಲಿಗಿಲ್ಲ, ಒಂದೇ ಹುಲಿಯ ಎಡಮೈಯ ಪಟ್ಟೆ ಬಲಮೈಗಿಲ್ಲ. ಆದುದರಿಂದ ಚಿತ್ರ ನೋಡಿ ಇದು ಇಂಥದೇ ಹುಲಿ ಎಂದು ಹೆಸರು ಹಿಡಿಯಬಹುದು. ಚಿತ್ರದ ಅಂಚಿನಲ್ಲಿ ತಾರೀಖು ಮತ್ತು ಗಂಟೆ ಅಚ್ಚಾಗಿರುತ್ತದೆ. ಇಂಥ ಸಾವಿರಾರು ಚಿತ್ರಗಳ ಗಂಟೆಗಳನ್ನು ಒಂದೆಡೆ ಸೇರಿಸಿ ಗೆರೆ ಎಳೆದರೆ ಸಾಮಾನ್ಯವಾಗಿ ಎರಡು ದಿಬ್ಬಗಳು ಕಾಣುತ್ತವೆ, ಒಂದು ಮುಸ್ಸಂಜೆಯ ಆಸುಪಾಸಿನಲ್ಲಿ, ಇನ್ನೊಂದು ನಸುಕಿನ ಆಸುಪಾಸಿನಲ್ಲಿ. ನಡುರಾತ್ರಿಯಲ್ಲಿ ಗೆರೆ ಸ್ವಲ್ಪ ಇಳಿದರೂ ನೆಲಕ್ಕೆ ತಾಗುವುದಿಲ್ಲ. ನಡುಹಗಲಿನಲ್ಲಿ ಮಾತ್ರ ಅದು ತಳ ಮುಟ್ಟುತ್ತದೆ.

ಈ ಗೆರೆಯನ್ನು ಹಿಡಿದು ಹುಲಿಯ ಒಂದು ದಿನವನ್ನು ನೋಡೋಣ. ನಮ್ಮ ದಿನ ಬೆಳಗಿನಿಂದ ಶುರುವಾಗುತ್ತದೆ, ಹುಲಿಯದು ಸಂಜೆಯಿಂದ.

ಸೂರ್ಯ ಗುಡ್ಡದ ಹಿಂದೆ ಸರಿದು ಕಾಡಿನ ನೆಲದಲ್ಲಿ ನೆರಳು ಒಂದಾಗುವ ಹೊತ್ತಿಗೆ ಹುಲಿ ಏಳುತ್ತದೆ, ಮೈ ಮುರಿಯುತ್ತದೆ, ನೀರು ಕುಡಿಯುತ್ತದೆ, ನಡೆಯಲು ತೊಡಗುತ್ತದೆ. ಅದು ಈ ಹೊತ್ತನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಕಡವೆ, ಹಂದಿಗಳು ಮೇವಿಗೆ ಹೊರಬೀಳುವುದು ಇದೇ ಹೊತ್ತಿನಲ್ಲಿ. ಹುಲಿಯ ಕಣ್ಣಿನ ಹಿಂಬದಿಯಲ್ಲಿ ಬಂದ ಬೆಳಕನ್ನು ಮತ್ತೊಮ್ಮೆ ಕಣ್ಣೊಳಗೇ ಎರಚುವ ಒಂದು ಪದರವಿದೆ, ಅದರಿಂದಾಗಿ ನಮಗೆ ಕತ್ತಲೆ ಎನಿಸಿದ ಜಾಗದಲ್ಲೂ ಅದಕ್ಕೆ ಆಕಾರಗಳು ಕಾಣುತ್ತವೆ. ಟಾರ್ಚಿನ ಬೆಳಕಿಗೆ ಅದರ ಕಣ್ಣು ಕೆಂಡದಂತೆ ಹೊಳೆಯುವುದು ಈ ಪದರದಿಂದಲೇ. ಇನ್ನು ಬಣ್ಣದ ಮಾತು. ಕೇಸರಿ ಬಣ್ಣದ ಪ್ರಾಣಿ ಹಸಿರು ಕಾಡಿನಲ್ಲಿ ಎದ್ದು ಕಾಣಬೇಕಲ್ಲವೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಿದ್ದರು. ಎದ್ದು ಕಾಣುವುದು ನಮಗೆ. ಜಿಂಕೆಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ಭೇದ ತಿಳಿಯುವುದಿಲ್ಲ, ಆದುದರಿಂದ ಹುಲಿಯ ಮೈ ಅದಕ್ಕೆ ಹುಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ, ಪಟ್ಟೆಗಳು ಹುಲ್ಲಿನ ಎಸಳುಗಳ ನೆರಳಾಗುತ್ತವೆ.

ಒಂದು ರಾತ್ರಿಯಲ್ಲಿ ಹುಲಿ ಹತ್ತು ಹದಿನೈದು ಕಿಲೋಮೀಟರ್ ನಡೆಯುವುದುಂಟು, ಕೆಲವೊಮ್ಮೆ ಇಪ್ಪತ್ತನ್ನೂ ದಾಟುತ್ತದೆ. ಅದು ನಡೆಯುವ ದಾರಿ ಬಹಳ ಸಲ ನಮ್ಮದೇ: ಗಾಡಿ ರಸ್ತೆ, ದನದ ಹಾದಿ, ಒಣಗಿದ ಹಳ್ಳದ ಮರಳು. ಮುಳ್ಳು, ತರಗೆಲೆಗಳ ನಡುವೆ ನಡೆಯುವುದಕ್ಕಿಂತ ಮೆತ್ತನೆ ನೆಲದ ಮೇಲೆ ಸದ್ದಿಲ್ಲದೆ ನಡೆಯುವುದು ಅದಕ್ಕೂ ಇಷ್ಟ. ಈ ವಿಷಯ ನನಗೆ ಪುಸ್ತಕದಿಂದ ತಿಳಿದಿತ್ತು, ಆದರೆ ಮನಸ್ಸಿಗೆ ಇಳಿದದ್ದು ಹಲವು ವರ್ಷಗಳ ಹಿಂದೆ ಹೆಮ್ಮಡಗಾದ ಆಚೆ ಒಂದು ಹಳ್ಳದ ದಂಡೆಯಲ್ಲಿ. ಹಿಂದಿನ ದಿನ ಸಂಜೆ ಐದೂವರೆಗೆ ನಾವು ಮೂವರು ಆ ಮರಳಿನ ಮೇಲೆ ನಡೆದುಬಂದಿದ್ದೆವು. ಮರುದಿನ ಬೆಳಗ್ಗೆ ಆರೂವರೆಗೆ ಅಲ್ಲಿಗೆ ಹೋದಾಗ, ನನ್ನ ಬೂಟಿನ ಅಚ್ಚಿನ ಮೇಲೆ, ಸರಿಯಾಗಿ ಹಿಮ್ಮಡಿಯ ಜಾಗದಲ್ಲಿ, ಒಂದು ದೊಡ್ಡ ಪಂಜ ಊರಿತ್ತು. ನಾಲ್ಕು ಬೆರಳು, ಹಿಂದೆ ಮೂರು ಹಾಲೆಯ ಅಗಲವಾದ ಅಂಗಾಲು, ಉಗುರಿನ ಗುರುತಿಲ್ಲ. ಅಂಚಿನ ಮರಳು ಇನ್ನೂ ಉದುರಿರಲಿಲ್ಲ. ಮರದಿಂದ ತೊಟ್ಟಿಕ್ಕಿದ ಇಬ್ಬನಿಯ ಸಣ್ಣ ಸಣ್ಣ ಕುಳಿಗಳು ಸುತ್ತಲಿನ ಮರಳಿನಲ್ಲೆಲ್ಲ ಇದ್ದವು, ಪಂಜದ ಒಳಗೆ ಎರಡೇ ಇದ್ದವು. ನಮ್ಮ ಜೊತೆಗಿದ್ದ ಕಾವಲುಗಾರರು ಕುಕ್ಕುರುಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಅಂಚನ್ನು ಮೆಲ್ಲಗೆ ಮುಟ್ಟಿ, ‘ನಸಕಿನ್ಯಾಗ ಹೋಗೇತ್ರಿ, ಭಾಳ ಹೊತ್ತ ಆಗಿಲ್ಲ’ ಎಂದರು. ನಾವು ಅಲ್ಲಿ ನಿಂತಿರುವಾಗಲೇ ಕಟ್ಟಿಗೆಗೆ ಹೊರಟ ಇಬ್ಬರು ಹೆಣ್ಣುಮಕ್ಕಳು ಅದೇ ಹಾದಿಯಲ್ಲಿ ದಾಟಿಹೋದರು, ಅವರ ಚಪ್ಪಲಿಯ ಗುರುತು ಹುಲಿಯ ಗುರುತಿನ ಮೇಲೆ ಬಿತ್ತು. ಹದಿಮೂರು ಗಂಟೆಗಳಲ್ಲಿ ಒಂದೇ ಹಾದಿಯ ಮೇಲೆ ಮೂರು ಪದರ. ಯಾರೂ ಯಾರನ್ನೂ ನೋಡಲಿಲ್ಲ.

ಬೇಟೆಯ ವಿಷಯದಲ್ಲಿ ನಮ್ಮ ಕಲ್ಪನೆ ಬಹಳ ಉತ್ಪ್ರೇಕ್ಷೆಯದು. ಹುಲಿ ಹೊಂಚು ಹಾಕಿದ ಹತ್ತರಿಂದ ಇಪ್ಪತ್ತು ಸಲಗಳಲ್ಲಿ ಒಂದು ಸಲ ಮಾತ್ರ ಬೇಟೆ ದಕ್ಕುತ್ತದೆ ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅದು ಸೀಳುನಾಯಿಯಂತೆ ಮೈಲಿಗಟ್ಟಲೆ ಓಡಿಸಿ ದಣಿಸಿ ಕೊಲ್ಲುವ ಪ್ರಾಣಿಯಲ್ಲ. ಅಷ್ಟು ಭಾರದ ಮೈಯನ್ನು ಹೊತ್ತು ಬಹುದೂರ ಓಡುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಅದು ಅಂಗುಲ ಅಂಗುಲವಾಗಿ ಹತ್ತಿರ ಸರಿಯುತ್ತದೆ, ಹಿಂಗಾಲನ್ನು ಮುಂಗಾಲು ಇಟ್ಟ ಜಾಗದಲ್ಲೇ ಇಡುತ್ತದೆ, ಇಪ್ಪತ್ತು ಮೂವತ್ತು ಅಡಿಗಳ ಅಂತರಕ್ಕೆ ಬಂದ ಮೇಲೆಯೇ ನುಗ್ಗುತ್ತದೆ. ಅಷ್ಟರಲ್ಲಿ ಒಂದು ಕಡವೆ ಕಾಲು ಅಪ್ಪಳಿಸಿ ಕೂಗಿದರೆ, ಮೇಲಿನ ಕೊಂಬೆಯಿಂದ ಒಂದು ಮುಸುವ ಕೆಮ್ಮಿದರೆ, ಗಂಟೆಗಟ್ಟಲೆಯ ಶ್ರಮ ನೀರಿನಲ್ಲಿ ಹೋಮವಾಗುತ್ತದೆ. ಆಗ ಹುಲಿ ಬೆನ್ನಟ್ಟುವುದಿಲ್ಲ. ಎದ್ದು ನಿಂತು, ಬಾಲ ಆಡಿಸಿ, ಬೇರೆ ಕಡೆಗೆ ನಡೆದುಬಿಡುತ್ತದೆ. ಕಂಡುಬಿದ್ದ ಮೇಲೆ ಓಡುವುದು ವ್ಯರ್ಥ ಎಂದು ಅದಕ್ಕೆ ಗೊತ್ತು.

ಇನ್ನೂ ಒಂದು ವಿಷಯವನ್ನು ನಾನು ಒತ್ತಿ ಹೇಳಬೇಕು. ಹುಲಿಗೆ ವೈದ್ಯರಿಲ್ಲ, ಅದು ಕುಂಟಿದರೆ ತಂದು ಉಣಿಸುವ ಬಂಧುಗಳಿಲ್ಲ. ಸಿಂಹ ಗುಂಪಿನಲ್ಲಿ ಬದುಕುತ್ತದೆ, ತೋಳಗಳೂ ಹಾಗೆಯೇ, ಆದರೆ ಬೆಳೆದ ಹುಲಿ ಒಂಟಿ. ಕಾಡುಕೋಣದ ಕೊಂಬು ಪಕ್ಕೆಗೆ ತಾಗಿದರೆ, ಮುಳ್ಳುಹಂದಿಯ ಮುಳ್ಳು ಅಂಗಾಲಿನಲ್ಲಿ ಮುರಿದು ಕೀವಾದರೆ, ಒಂದು ಕೋರೆಹಲ್ಲು ಮುರಿದರೆ ಅದರ ಅನ್ನವೇ ನಿಂತುಹೋಗುತ್ತದೆ. ಹುಲಿಯ ನಡವಳಿಕೆಯಲ್ಲಿ ನಮಗೆ ಅಂಜಿಕೆಯಂತೆ ಕಾಣುವ ಬಹುಪಾಲು ಸಂಗತಿಗಳು ಈ ಎಚ್ಚರದಿಂದ ಬಂದವು. ದೊಡ್ಡ ಕೋಣವನ್ನು ಕಂಡು ದಾರಿ ಬಿಡುವುದು, ಸಣ್ಣ ಬೇಟೆಯನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿ ಕೊಂದರೂ ದೊಡ್ಡದನ್ನು ಗಂಟಲಲ್ಲೇ ಹಿಡಿದು ಕೊಂಬು, ಗೊರಸುಗಳಿಗೆ ಸಿಗದಂತೆ ಮೈ ಓರೆ ಮಾಡಿಕೊಂಡು ಉಸಿರು ನಿಲ್ಲುವವರೆಗೆ ಬಿಡದಿರುವುದು, ಇವೆಲ್ಲ ಗಾಯವಾಗದಂತೆ ನಾಳೆಗೆ ಉಳಿಯುವ ಉಪಾಯಗಳು.

ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿವೆ. ಅವು ಏನನ್ನು ತಿನ್ನುತ್ತವೆ ಎಂಬುದನ್ನು ಹಿಕ್ಕೆ ಮತ್ತು ಬೇಟೆಯ ಅವಶೇಷಗಳಿಂದ ಲೆಕ್ಕ ಹಾಕಿದಾಗ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ ಸುಮಾರು 92 ಕಿಲೋ, ಸೀಳುನಾಯಿಯದು 43, ಚಿರತೆಯದು 38 ಎಂದು ಕಂಡಿತು. ಅಂದರೆ ಒಂದೇ ಅಂಗಡಿಯಲ್ಲಿ ಮೂವರು ಬೇರೆ ಬೇರೆ ಸಾಮಾನು ಕೊಳ್ಳುವಂತೆ ಅವು ಕಾಡನ್ನು ಹಂಚಿಕೊಂಡಿವೆ. ಹೊತ್ತನ್ನೂ ಅಷ್ಟಿಷ್ಟು ಹಂಚಿಕೊಂಡಿವೆ, ಸೀಳುನಾಯಿ ಹಗಲಿನ ಪ್ರಾಣಿ.

ಒಂದು ಹುಲಿಗೆ ವರ್ಷಕ್ಕೆ ಕಡವೆ, ಚುಕ್ಕೆಜಿಂಕೆಯಂಥ ಸುಮಾರು ಐವತ್ತು ಪ್ರಾಣಿಗಳು ಬೇಕು, ಅಂದರೆ ವಾರಕ್ಕೆ ಒಂದು. ಈ ಐವತ್ತು ಪ್ರತಿವರ್ಷ ದಕ್ಕಬೇಕಾದರೆ ಆ ಹುಲಿಯ ಎಲ್ಲೆಯೊಳಗೆ ಸುಮಾರು ಐನೂರು ಇರಬೇಕು. ಅಸಲಿಗೆ ಕೈ ಹಚ್ಚದೆ ಬಡ್ಡಿಯಲ್ಲಿ ಸಂಸಾರ ನಡೆಸಿದ ಹಾಗೆ ಇದು. ನಾಡಬಂದೂಕಿನಿಂದ, ಉರುಳಿನಿಂದ ನಾವು ಆ ಐನೂರನ್ನು ಇನ್ನೂರಕ್ಕೆ ಇಳಿಸಿದರೆ, ಹುಲಿಯನ್ನು ಯಾರೂ ಮುಟ್ಟದಿದ್ದರೂ ಹುಲಿ ಅಲ್ಲಿ ಉಳಿಯುವುದಿಲ್ಲ. ಕಾಡಂಚಿನ ದನದ ಕಡೆಗೆ ಅದು ತಿರುಗುವ ಕಾರಣಗಳಲ್ಲಿ ಇದು ದೊಡ್ಡದು.

ಬೇಟೆ ದಕ್ಕಿದ ಮೇಲೆ ಹುಲಿಯ ದಿನಚರಿಯೇ ಬದಲಾಗುತ್ತದೆ. ಅದು ಬೇಟೆಯನ್ನು ಬಯಲಿನಲ್ಲಿ ತಿನ್ನುವುದಿಲ್ಲ, ಪೊದೆಯ ಮರೆಗೆ, ಸಾಧ್ಯವಾದರೆ ನೀರಿನ ಹತ್ತಿರಕ್ಕೆ ಎಳೆದೊಯ್ಯುತ್ತದೆ. ಸಾಮಾನ್ಯವಾಗಿ ಹಿಂತೊಡೆಯ ಕಡೆಯಿಂದ ತಿನ್ನಲು ಆರಂಭಿಸುತ್ತದೆ. ಒಂದೇ ರಾತ್ರಿಯಲ್ಲಿ ಇಪ್ಪತ್ತೈದು ಮೂವತ್ತು ಕಿಲೋ ಮಾಂಸವನ್ನು ತಿನ್ನಬಲ್ಲದು. ಉಳಿದದ್ದರ ಮೇಲೆ ತರಗೆಲೆ, ಹುಲ್ಲು, ಮಣ್ಣನ್ನು ಕಾಲಿನಿಂದ ಎಳೆದು ಮುಚ್ಚಿ, ಕಾಗೆ, ನರಿ, ಹಂದಿಗಳಿಂದ ಕಾಯುತ್ತ ಹತ್ತಿರದಲ್ಲೇ ಮಲಗುತ್ತದೆ. ಮೂರು ನಾಲ್ಕು ದಿನ ಆ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಮಿಕ್ಕಿದ್ದನ್ನು ಬಿಸಾಡುವುದು ಅದರ ಸ್ವಭಾವದಲ್ಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಇದೇ ಗುಣ ಅದರ ಪ್ರಾಣಕ್ಕೆ ಹೇಗೆ ಎರವಾಯಿತು ಎಂಬುದನ್ನು ಹೇಳಬೇಕಾಗುತ್ತದೆ.

ಬೇಟೆಯಿಲ್ಲದ ರಾತ್ರಿಗಳಲ್ಲಿ ನಡಿಗೆಯ ಜೊತೆಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಬಾಲ ಎತ್ತಿ, ಹಿಂದಕ್ಕೆ, ಮೇಲ್ಮುಖವಾಗಿ, ಮರದ ಬೊಡ್ಡೆಗೆ ಒಂದು ದ್ರವವನ್ನು ಹುಲಿ ಸಿಂಪಡಿಸುತ್ತದೆ. ನೆಲವನ್ನು ಹಿಂಗಾಲಿನಿಂದ ಕೆರೆಯುತ್ತದೆ, ತೊಗಟೆಯನ್ನು ಉಗುರಿನಿಂದ ಗೀರುತ್ತದೆ. ಸಿಂಪಡಣೆಗೆ ಅದು ಬಹಳ ಸಲ ಓರೆಯಾಗಿ ವಾಲಿದ ಮರವನ್ನೇ ಹುಡುಕುತ್ತದೆ, ಏಕೆಂದರೆ ವಾಲಿದ ಮರದ ಕೆಳಮೈಗೆ ಮಳೆ ತಾಗುವುದಿಲ್ಲ, ವಾಸನೆ ಹೆಚ್ಚು ದಿನ ಉಳಿಯುತ್ತದೆ. ನಮ್ಮ ಖಾನಾಪುರದ ಮಳೆಯನ್ನು ಬಲ್ಲವರಿಗೆ ಈ ಜಾಣ್ಮೆಯ ಬೆಲೆ ಬೇಗ ತಿಳಿಯುತ್ತದೆ. ಆ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ನೀವು ನಂಬಲಿಕ್ಕಿಲ್ಲ: ಅದು ಸುವಾಸನೆಯ ಅಕ್ಕಿಯ ವಾಸನೆ. ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ಅದೇ ರಾಸಾಯನಿಕ ಹುಲಿಯ ಈ ದ್ರವದಲ್ಲಿಯೂ ಇದೆ ಎಂಬುದನ್ನು ಕೋಲ್ಕತ್ತದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿಯವರು ತೋರಿಸಿಕೊಟ್ಟರು. ನನಗೆ ಆ ವಾಸನೆ ಮೊದಲು ಬಡಿದದ್ದು ಒಂದು ವಾಲಿದ ಮತ್ತಿಮರದ ಕೆಳಗೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬೆಳಗಾವಿ ಬಾಸುಮತಿಯ ಅನ್ನ ಬಸಿಯುವಾಗ ಒಲೆಯ ಸುತ್ತ ಹರಡುತ್ತಿದ್ದ ಘಮ ಅದು. ಕಾಡಿನ ನಡುವೆ ಯಾರು ಅನ್ನ ಮಾಡುತ್ತಿದ್ದಾರೆ ಎಂದು ಒಂದು ಕ್ಷಣ ಸುತ್ತ ನೋಡಿದೆ.

ಈ ಗುರುತುಗಳು ಹುಲಿಗಳ ನಡುವಿನ ಪತ್ರ ವ್ಯವಹಾರ. ನಾನು ಯಾರು, ಗಂಡೋ ಹೆಣ್ಣೋ, ಯಾವಾಗ ಹಾದುಹೋದೆ, ಮರಿ ಹಾಕಲು ಸಿದ್ಧಳಿದ್ದೇನೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಮುಂದೆ ಬಂದ ಹುಲಿ ಮೂಸಿ, ತುಟಿ ಮೇಲೆತ್ತಿ ಮುಖ ಸೊಟ್ಟ ಮಾಡಿ, ಓದಿಕೊಂಡು ಹೋಗುತ್ತದೆ. ಹೀಗೆ ಓದಿದ ಎರಡು ಗಂಡುಹುಲಿಗಳು ಎದುರುಬದುರಾಗುವ ಪ್ರಸಂಗ ಕಡಿಮೆಯಾಗುತ್ತದೆ, ಎದುರಾಗದಿದ್ದರೆ ಕಾದಾಟವಿಲ್ಲ, ಕಾದಾಟವಿಲ್ಲದಿದ್ದರೆ ಗಾಯವಿಲ್ಲ. ನಾಗರಹೊಳೆಯಂಥ ಸಮೃದ್ಧ ಕಾಡಿನಲ್ಲಿ ಹೆಣ್ಣುಹುಲಿಯೊಂದಕ್ಕೆ ಹದಿನೈದಿಪ್ಪತ್ತು ಚದರ ಕಿಲೋಮೀಟರ್ ಸಾಕಾಗುತ್ತದೆ. ರಷ್ಯಾದ ಹಿಮದ ಕಾಡಿನಲ್ಲಿ ಅದೇ ಹೆಣ್ಣುಹುಲಿಗೆ ಸುಮಾರು ನಾನೂರು ಬೇಕು. ಬೇಟೆ ಎಷ್ಟು ತೆಳುವೋ ಎಲ್ಲೆ ಅಷ್ಟು ಅಗಲ, ಗುರುತು ಹಾಕುವ ನಡಿಗೆಯೂ ಅಷ್ಟು ಉದ್ದ.

ನಸುಕು ಹರಿದು ಬಿಸಿಲು ಏರಿದ ಮೇಲೆ ಹುಲಿ ಮಲಗುತ್ತದೆ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನನಗೆ ಇದು ಹುಲಿಯ ಬದುಕಿನ ಅತಿ ಮುಖ್ಯ ಕೆಲಸವಾಗಿ ಕಾಣುತ್ತದೆ. ಮುಂದಿನ ಊಟ ಎಂದು ಸಿಗುತ್ತದೆ ಎಂಬುದು ತಿಳಿಯದ ಪ್ರಾಣಿ ತನ್ನ ಮೈಯ ಶಕ್ತಿಯನ್ನು ಕಾಸು ಕಾಸಾಗಿ ಖರ್ಚು ಮಾಡಬೇಕು. ಅದಕ್ಕೆ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲವಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಕಾವು ಕಳೆಯಬೇಕು. ಆದುದರಿಂದ ಬೇಸಿಗೆಯಲ್ಲಿ ನೆರಳಿನ ಹಳ್ಳ, ಬಂಡೆಯ ಸಂದು, ನೀರಿನ ಮಡು ಅದರ ಠಾವುಗಳು. ನೀರಿಗೆ ಇಳಿಯುವಾಗ ಅದು ಎಷ್ಟೋ ಸಲ ಹಿಂದುಹಿಂದಾಗಿ, ಬಾಲದ ಕಡೆಯಿಂದ ಇಳಿದು, ಮುಖ ದಂಡೆಯ ಕಡೆಗೇ ಇಟ್ಟುಕೊಂಡು ಕೂರುತ್ತದೆ.

ಆದರೆ ಮರಿಗಳಿರುವ ತಾಯಿಗೆ ಈ ಬಿಡುವು ಇಲ್ಲ. ಸುಮಾರು ನೂರ ಮೂರು ದಿನಗಳ ಬಸುರಿನ ನಂತರ ಕಣ್ಣು ಬಿಡದ ಎರಡರಿಂದ ನಾಲ್ಕು ಮರಿಗಳನ್ನು ಹಾಕುವ ತಾಯಿ, ಮೊದಲ ವಾರಗಳಲ್ಲಿ ಅವನ್ನು ಬಿಟ್ಟು ದೂರ ಹೋಗುವಂತಿಲ್ಲ, ಹೋಗದೆ ಬೇಟೆಯಿಲ್ಲ, ಬೇಟೆಯಿಲ್ಲದೆ ಹಾಲಿಲ್ಲ. ಮರಿಗಳು ಬೆಳೆದಂತೆ ವಾರಕ್ಕೊಂದು ಬೇಟೆ ಸಾಲದೆ ಐದಾರು ದಿನಕ್ಕೊಂದು ಬೇಕಾಗುತ್ತದೆ. ಅಪಾಯದ ವಾಸನೆ ಬಂದರೆ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಠಾವಿಗೆ ಸಾಗಿಸಬೇಕು. ಹೊಸ ಗಂಡುಹುಲಿ ಆ ಎಲ್ಲೆಯನ್ನು ಗೆದ್ದುಕೊಂಡರೆ ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಇಷ್ಟೆಲ್ಲ ಮಾಡಿದರೂ ಅರ್ಧದಷ್ಟು ಮರಿಗಳು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ. ಬದುಕಿದವು ಒಂದೂವರೆ ಎರಡು ವರ್ಷ ತಾಯಿಯ ಹಿಂದೆ ಸುತ್ತಿ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರಿರುತ್ತದೆ, ಯಾವ ತಿರುವಿನಲ್ಲಿ ಕಡವೆ ಇಳಿಯುತ್ತದೆ, ಯಾವ ಹೊತ್ತಿನಲ್ಲಿ ಮನುಷ್ಯರು ಬರುತ್ತಾರೆ ಎಂಬುದನ್ನೆಲ್ಲ ಕಲಿಯುತ್ತವೆ. ಹೆಣ್ಣುಮರಿ ತಾಯಿಯ ಮಗ್ಗುಲಲ್ಲೇ ನೆಲೆ ಹುಡುಕುತ್ತದೆ, ಗಂಡುಮರಿ ದೂರ ಹೋಗುತ್ತದೆ. ಭೀಮಗಡದ ಪಡಸಾಲೆಯನ್ನು ಹಾಯುವ ಹುಲಿಗಳಲ್ಲಿ ಇಂಥ ತರುಣರು ಇರುವುದು ಸಹಜ.

ಹುಲಿಯ ಬದುಕು ಬಲಕ್ಕಿಂತ ಹೆಚ್ಚಾಗಿ ಜಾಗದ ಮತ್ತು ಹೊತ್ತಿನ ತಿಳಿವಳಿಕೆಯ ಮೇಲೆ ನಿಂತಿದೆ ಎಂದು ನಾನು ಹೇಳುವುದು ಇದಕ್ಕಾಗಿ. ಆ ತಿಳಿವಳಿಕೆಯಿಂದ ಕಿತ್ತು ತೆಗೆದರೆ ಏನಾಗುತ್ತದೆ ಎಂಬುದನ್ನು ಖಾನಾಪುರ ಬಹಳ ನೋವಿನಿಂದ ಕಂಡಿದೆ. 2014ರ ಕೊನೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸೆರೆಸಿಕ್ಕ ಹುಲಿಯೊಂದನ್ನು ತಂದು ಈ ಭಾಗದ ಕಾಡಿನಲ್ಲಿ ಬಿಡಲಾಯಿತು. ಕೆಲವೇ ವಾರಗಳಲ್ಲಿ ಈ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಅದಕ್ಕೆ ಬಲಿಯಾದರು, ಡಿಸೆಂಬರ್ ಮುಗಿಯುವ ಮೊದಲೇ ಆ ಹುಲಿಯನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಆ ಹುಲಿ ಅಲ್ಲಿಯೂ ಮನುಷ್ಯರ ಮೇಲೆ ಬಿದ್ದಿತ್ತು, ಆದುದರಿಂದ ಎಲ್ಲವನ್ನೂ ಸ್ಥಳಾಂತರದ ಮೇಲೆ ಹೊರಿಸಲಾರೆ. ಆದರೆ ಗುರುತಿಲ್ಲದ ನೆಲ, ಗುರುತಿಲ್ಲದ ಹಳ್ಳ, ಬೇರೆ ಹುಲಿಗಳ ವಾಸನೆಯ ನಡುವೆ ತಂದು ಬಿಟ್ಟ ಪ್ರಾಣಿಗೆ ಮನುಷ್ಯರ ಹೊತ್ತು ತಪ್ಪಿಸಿ ಬದುಕುವ ಅವಕಾಶವೇ ಇರಲಿಲ್ಲ. ಆ ಮನೆಯವರ ದುಃಖವನ್ನು ನೆನೆದಾಗಲೆಲ್ಲ, ಹಿಡಿದ ಹುಲಿಯನ್ನು ಎಲ್ಲಿಯಾದರೂ ಬಿಟ್ಟರಾಯಿತು ಎಂಬ ಮಾತು ನನ್ನ ಬಾಯಿಂದ ಎಂದೂ ಬರಬಾರದು ಎನಿಸುತ್ತದೆ.

ಮನುಷ್ಯರ ಹೊತ್ತು ತಪ್ಪಿಸುವುದು ಎಂದೆನಲ್ಲ, ಅದಕ್ಕೆ ಸಾಕ್ಷ್ಯವಿದೆ. ನೇಪಾಳದ ಚಿತವನದಲ್ಲಿ ಜನರೂ ಹುಲಿಗಳೂ ಒಂದೇ ಹಾದಿಗಳನ್ನು ಬಳಸುವುದನ್ನು ಕ್ಯಾಮೆರಾಗಳಿಂದ ಅಳೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅಲ್ಲಿಯ ಹುಲಿಗಳು ಹಗಲಿನ ಓಡಾಟವನ್ನು ಬಹುಮಟ್ಟಿಗೆ ಬಿಟ್ಟು ರಾತ್ರಿಗೆ ಸರಿದಿದ್ದವು. 2018ರಲ್ಲಿ ಪ್ರಪಂಚದ ಬೇರೆ ಬೇರೆ ಭಾಗಗಳ 62 ಜಾತಿಯ ಸಸ್ತನಿ ಪ್ರಾಣಿಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ, ಮನುಷ್ಯರ ಗದ್ದಲವಿರುವಲ್ಲಿ ಅವುಗಳ ರಾತ್ರಿ ಸಂಚಾರ 1.36 ಪಟ್ಟು ಹೆಚ್ಚಿತ್ತು. ಹಗಲು ಅರ್ಧ, ಇರುಳು ಅರ್ಧ ಓಡಾಡುತ್ತಿದ್ದ ಪ್ರಾಣಿ ನೂರರಲ್ಲಿ 68 ಪಾಲನ್ನು ಇರುಳಿಗೆ ಸರಿಸಿದೆ ಎಂದು ಇದರ ಅರ್ಥ. ನಮಗೆ ಹೆದರಿ ಪ್ರಾಣಿಗಳು ಗಡಿಯಾರವನ್ನೇ ತಿರುಗಿಸಿಕೊಂಡಿವೆ. ಇದು ಅವುಗಳಿಗೆ ಪುಕ್ಕಟೆಯಾಗಿ ದಕ್ಕಿದ್ದಲ್ಲ, ಹಗಲಿನಲ್ಲಿ ಸಿಗಬಹುದಾಗಿದ್ದ ಬೇಟೆಯನ್ನೂ ನೀರನ್ನೂ ಬಿಟ್ಟುಕೊಟ್ಟು ಪಡೆದದ್ದು.

ಈಗ ಆಗಲೇ ನೆನಪಿಡಿ ಎಂದಿದ್ದ ಮಾತಿಗೆ ಬರುತ್ತೇನೆ. ಹುಲಿ ತನ್ನ ಬೇಟೆಗೆ ಮರಳಿ ಬರುತ್ತದೆ. 2020ರ ಜನವರಿಯಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ಗೋವೆಯ ಮಹದಾಯಿ ಅಭಯಾರಣ್ಯದಲ್ಲಿ, ನಾಲ್ಕು ಹುಲಿಗಳು ಕೆಲವೇ ದಿನಗಳ ಅಂತರದಲ್ಲಿ ಸತ್ತು ಬಿದ್ದವು, ಒಂದು ತಾಯಿ, ಉಳಿದವು ಅದರ ಮರಿಗಳು. ದನ ಕಳೆದುಕೊಂಡ ಸಿಟ್ಟಿಗೆ ವಿಷ ಇಡಲಾಗಿತ್ತು. 2025ರ ಜೂನ್ ತಿಂಗಳಲ್ಲಿ ನಮ್ಮದೇ ರಾಜ್ಯದ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಮತ್ತು ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಕಳೇಬರ ತಿಂದು ಒಟ್ಟಿಗೆ ಸತ್ತವು. ಮಿಕ್ಕಿದ್ದನ್ನು ಬಿಡದೆ ಮರಳಿ ಬಂದು ತಿನ್ನುವ, ಬರುವಾಗ ಮರಿಗಳನ್ನೂ ಕರೆತರುವ ಗುಣವೇ ಎರಡೂ ಕಡೆ ಇಡೀ ಸಂಸಾರವನ್ನು ಒಂದೇ ಸಲಕ್ಕೆ ತೆಗೆದುಕೊಂಡಿತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ನಾವು ಹೆಮ್ಮೆಪಟ್ಟೆವು. ಆ ಹೆಮ್ಮೆ ಹುಸಿಯಲ್ಲ. ಆದರೆ ಒಂದು ಬೊಗಸೆ ವಿಷಕ್ಕೆ ಐದು ಹೋಗುತ್ತವೆ ಎಂಬುದೂ ಹುಸಿಯಲ್ಲ. ದನ ಕಳೆದುಕೊಂಡವನ ಮನೆಗೆ ಪರಿಹಾರದ ಹಣ ತಡವಿಲ್ಲದೆ ಮುಟ್ಟಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಒಂದು ಹಾಲು ಕರೆಯುವ ಆಕಳು ಹೋದರೆ ಆ ಮನೆಯ ಮಕ್ಕಳ ಪಾಲಿಗೆ ಏನು ಹೋಯಿತು ಎಂಬುದನ್ನು ಪೇಟೆಯಲ್ಲಿ ಕೂತ ನಾವು ಸುಲಭವಾಗಿ ಮರೆಯುತ್ತೇವೆ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಕಾಡಂಚಿನ ಊರಿನ, ದನ ಮೇಯಿಸುವ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಎದ್ದು, ‘ಸರ್, ನಮ್ಮ ದನ ಸಂಜಿ ಆರ ಗಂಟೆಕ ಹೊಳ್ಳಿ ಬರ್ತಾವು. ಎಷ್ಟ ಮೊದಲ ಹೊಡಕೊಂಡ ಬರಬೇಕರಿ?’ ಎಂದು ಕೇಳಿದರು. ಗಂಟೆ ನೋಡಬೇಡಿ, ಬಿಸಿಲು ನೋಡಿ ಎಂದೆ. ನೆಲದ ಮೇಲೆ ಮರಗಳ ನೆರಳು ಬೇರೆ ಬೇರೆಯಾಗಿ ಕಾಣುತ್ತಿರುವಾಗಲೇ ಕಾಡಿನಿಂದ ಹೊರಬೀಳಿ, ಚಳಿಗಾಲದಲ್ಲಿ ಅದು ಐದು ಗಂಟೆಗೇ ಆಗಬಹುದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಒಳಗೆ ಹೋಗಿ. ಒಬ್ಬರೇ ಹೋಗಬೇಡಿ, ಮಾತಾಡುತ್ತ ಹೋಗಿ, ಪೊದೆಯ ಮಗ್ಗುಲಲ್ಲಿ ಬಹಳ ಹೊತ್ತು ಬಗ್ಗಿ ಕೂರಬೇಡಿ, ಏಕೆಂದರೆ ಬಗ್ಗಿದ ಮನುಷ್ಯ ಹಿಂದಿನಿಂದ ನೋಡುವ ಹುಲಿಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣಬಹುದು. ದನ ಸತ್ತರೆ ಅದರ ಹತ್ತಿರ ಹೋಗಬೇಡಿ, ಎಳೆಯಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಅವರು ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹಿಂಡಿನ ಮುಂದಿನ ಆಕಳು ಹಳ್ಳದ ತಿರುವಿನಲ್ಲಿ ಒಮ್ಮೊಮ್ಮೆ ತಟಸ್ಥವಾಗಿ ನಿಂತುಬಿಡುತ್ತದೆ, ಎಷ್ಟು ಹೊಡೆದರೂ ಕಾಲು ಕೀಳುವುದಿಲ್ಲ, ಆಗ ತಾವು ಹಿಂಡನ್ನು ತಿರುಗಿಸಿ ಮೇಲಿನ ಹಾದಿಯಿಂದ ತರುತ್ತೇವೆ ಎಂದು ಹೇಳಿದರು. ಈ ವರ್ಷ ಹಾಗೆ ಎಷ್ಟು ಸಲ ನಿಂತಿದೆ ಎಂದು ಕೇಳಿದೆ. ‘ಎರಡ ಸಲರಿ’ ಎಂದರು. ಯಾವ ಹೊತ್ತಿನಲ್ಲಿ ಎಂದು ಕೇಳಿದೆ. ‘ಎರಡೂ ಸಲ, ಹೊತ್ತ ಗುಡ್ಡದ ಹಿಂದ ಸರದ ಮ್ಯಾಲೆ.’

ನಾನು ಅದನ್ನು ತಾರೀಖಿನ ಸಮೇತ ಬರೆದುಕೊಂಡೆ.